ಕೊಲೆಸ್ಟರಾಲ್: ಅಂಕಿಯೂ ಅರ್ಥವೂ

ಈಚಿನ ವರ್ಷಗಳಲ್ಲಿ ರಕ್ತಪರೀಕ್ಷೆಯೆಂಬುದು ನಮ್ಮ ಊರುಗಳಲ್ಲಿ ಸಾಮಾನ್ಯವಾದ ಸಂಗತಿಯಾಗಿದೆ. ತಾಲ್ಲೂಕು ಕೇಂದ್ರಗಳಲ್ಲಿಯೂ ಪರೀಕ್ಷಾಲಯಗಳು ತೆರೆದಿವೆ. ಬೆಳಿಗ್ಗೆ ರಕ್ತ ಕೊಟ್ಟು ಬಂದವರ ಕೈಗೆ ಸಂಜೆಯ ಹೊತ್ತಿಗೆ ಅಚ್ಚಾದ ವರದಿ ಬಂದು ಸೇರುತ್ತದೆ. ಆ ವರದಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿರುವುದರಿಂದ ಮನೆಯ ಹಿರಿಯರು ಅದನ್ನು ಕಾಲೇಜಿನಲ್ಲಿ ಓದುತ್ತಿರುವ ಮಗನಿಗೋ ಮಗಳಿಗೋ ಕೊಟ್ಟು, “ಏನು ಬರೆದಿದೆ, ಸ್ವಲ್ಪ ನೋಡಿ ಹೇಳು” ಎನ್ನುವುದುಂಟು. ವೈದ್ಯರ ಕಣ್ಣಿಗೆ ಬೀಳುವ ಮೊದಲೇ ವರದಿಗೆ ಅರ್ಥ ಹೇಳುವ ಭಾರ ಹೀಗೆ ನಮ್ಮ ವಿದ್ಯಾರ್ಥಿಗಳ ಮೇಲೆ ಬೀಳುತ್ತಿದೆ. ಈ ಭಾರವನ್ನು ಹೊರುವುದು ಹೇಗೆಂಬುದನ್ನು ಕುರಿತು ನಾಲ್ಕು ಮಾತು ಹೇಳುವುದು ನಮ್ಮ ಉದ್ದೇಶ.

ವರದಿಯಲ್ಲಿ ಪ್ರತಿಯೊಂದು ಅಂಕಿಯ ಎದುರಿಗೂ ಒಂದು ಮಿತಿಯನ್ನು ಮುದ್ರಿಸಿರುತ್ತಾರೆ. ಅಂಕಿ ಆ ಮಿತಿಯನ್ನು ದಾಟಿದ್ದರೆ ಅದು ದಪ್ಪಕ್ಷರದಲ್ಲಿರುತ್ತದೆ, ಇಲ್ಲವೆ ಅದರ ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆಯಿರುತ್ತದೆ. ಅದನ್ನು ಕಂಡು ಕೆಲವರು ಅನ್ನಾಹಾರವನ್ನೇ ಬಿಡುವಷ್ಟು ಹೆದರುವರು. ಕೆಲವರು “ಮೈಯಲ್ಲಿ ಯಾವ ನೋವೂ ಇಲ್ಲ, ಇದೆಲ್ಲ ವ್ಯಾಪಾರ” ಎಂದು ವರದಿಯನ್ನು ಬೀರುವಿನೊಳಕ್ಕೆ ಸೇರಿಸುವರು. ನಕ್ಷತ್ರವಿಲ್ಲದವರು ನಿಶ್ಚಿಂತರಾಗಿ ಬೀಡಿ ಹಚ್ಚುವರು. ಮೂವರೂ ಅಂಕಿಯನ್ನು ನೋಡಿದರು. ಅದು ಹೇಗೆ ಬಂದಿತು, ಯಾರ ರಕ್ತದ್ದು, ಅದರಿಂದ ತಿಳಿಯತಕ್ಕದ್ದೇನು ಎಂದು ಕೇಳಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಕೊಲೆಸ್ಟರಾಲಿನ ಅಂಕಿ ರೋಗವಲ್ಲ, ಅದೊಂದು ಅಳತೆ. ಚಿಕಿತ್ಸೆಯ ಗುರಿ ಹೃದಯಾಘಾತವನ್ನೂ ಪಾರ್ಶ್ವವಾಯುವನ್ನೂ ತಪ್ಪಿಸುವುದೇ ಹೊರತು ವರದಿಯ ನಕ್ಷತ್ರವನ್ನು ಅಳಿಸುವುದಲ್ಲ.

ಮೊದಲು ವಸ್ತುವಿನ ವಿಚಾರ. ಕೊಲೆಸ್ಟರಾಲ್ ವಿಷವಲ್ಲ. ನಮ್ಮ ದೇಹದ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿಯೂ ಅದು ಇರುತ್ತದೆ. ಪಿತ್ತರಸಕ್ಕೂ ಹಲವು ಹಾರ್ಮೋನುಗಳಿಗೂ ಅದೇ ಮೂಲದ್ರವ್ಯ. ಅದರ ಹೆಚ್ಚಿನ ಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಆದರೆ ಅದು ನೀರಿನಲ್ಲಿ ಕರಗುವುದಿಲ್ಲ; ರಕ್ತವಾದರೋ ಬಹುಪಾಲು ನೀರು. ಆದುದರಿಂದ ದೇಹವು ಕೊಬ್ಬನ್ನೂ ಪ್ರೋಟೀನನ್ನೂ ಸೇರಿಸಿ ಕಟ್ಟಿದ ಸೂಕ್ಷ್ಮವಾದ ಕಣಗಳಲ್ಲಿ ಅದನ್ನು ತುಂಬಿ ಸಾಗಿಸುತ್ತದೆ. ಈ ಕಣಗಳಿಗೆ ಲಿಪೊಪ್ರೋಟೀನುಗಳೆಂದು ಹೆಸರು.

ಇವುಗಳನ್ನು ವಿಂಗಡಿಸಿದ ಕಥೆಯಲ್ಲಿ ಭೌತಶಾಸ್ತ್ರಕ್ಕೂ ಪಾಲುಂಟು. ೧೯೫೦ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಜಾನ್ ಗಾಫ್‌ಮನ್ ಮತ್ತು ಅವರ ಸಂಗಡಿಗರು ರಕ್ತದ ದ್ರವಭಾಗವನ್ನು ಅತಿವೇಗದ ಅಪಕೇಂದ್ರ ಯಂತ್ರದಲ್ಲಿ ತಿರುಗಿಸಿ, ಹಾಲಿನಿಂದ ಕೆನೆಯನ್ನು ಬೇರ್ಪಡಿಸುವಂತೆ, ಈ ಕಣಗಳನ್ನು ಸಾಂದ್ರತೆಗೆ ಅನುಸಾರವಾಗಿ ಬೇರ್ಪಡಿಸಿ ತೋರಿಸಿದರು. ಮಿಲಿಲೀಟರಿಗೆ ೧.೦೧೯ರಿಂದ ೧.೦೬೩ ಗ್ರಾಂ ಸಾಂದ್ರತೆಯವು ಅಲ್ಪಸಾಂದ್ರ ಲಿಪೊಪ್ರೋಟೀನುಗಳು, ಅಂದರೆ ಎಲ್‌ಡಿಎಲ್, ೧.೦೬೩ರಿಂದ ೧.೨೧ರವರೆಗಿನವು ಅಧಿಕಸಾಂದ್ರ ಲಿಪೊಪ್ರೋಟೀನುಗಳು, ಅಂದರೆ ಎಚ್‌ಡಿಎಲ್. ಜನರು ಮೊದಲನೆಯದನ್ನು ಕೆಟ್ಟ ಕೊಲೆಸ್ಟರಾಲ್ ಎಂದೂ ಎರಡನೆಯದನ್ನು ಒಳ್ಳೆಯ ಕೊಲೆಸ್ಟರಾಲ್ ಎಂದೂ ಕರೆಯುವರು. ಅಣು ಎರಡರಲ್ಲಿಯೂ ಒಂದೇ. ಬೇರೆಯಾಗಿರುವುದು ಅದನ್ನು ಹೊತ್ತ ವಾಹನ. ಎಲ್‌ಡಿಎಲ್ ಕಣಗಳು ಅಪಧಮನಿಯ ಗೋಡೆಯೊಳಕ್ಕೆ ನುಸುಳಿ, ಅಲ್ಲಿ ನಿಂತು, ವರ್ಷಗಟ್ಟಲೆ ಕಾಲದಲ್ಲಿ ಗಡ್ಡೆಗಟ್ಟಿ ರಕ್ತದ ದಾರಿಯನ್ನು ಕಿರಿದುಮಾಡುತ್ತವೆ. ಇದರಲ್ಲಿ ಈಗ ವಿಜ್ಞಾನಿಗಳಿಗೆ ಸಂದೇಹವಿಲ್ಲ.

ಇನ್ನು ಅಳತೆ. ಅನೇಕ ವರದಿಗಳಲ್ಲಿ ಎಲ್‌ಡಿಎಲ್ ಅಂಕಿಯನ್ನು ನೇರವಾಗಿ ಅಳೆದಿರುವುದೇ ಇಲ್ಲ. ೧೯೭೨ರಲ್ಲಿ ಫ್ರೀಡ್‌ವಾಲ್ಡ್, ಲೆವಿ, ಫ್ರೆಡ್ರಿಕ್‌ಸನ್ ಎಂಬ ಮೂವರು ಪ್ರಕಟಿಸಿದ ಸೂತ್ರದ ಪ್ರಕಾರ ಒಟ್ಟು ಕೊಲೆಸ್ಟರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೆಯ ಒಂದು ಭಾಗವನ್ನೂ ಕಳೆದರೆ ಎಲ್‌ಡಿಎಲ್ ದೊರೆಯುತ್ತದೆ. ಒಬ್ಬರ ರಕ್ತದಲ್ಲಿ ಡೆಸಿಲೀಟರಿಗೆ ಒಟ್ಟು ಕೊಲೆಸ್ಟರಾಲ್ ೨೧೦, ಎಚ್‌ಡಿಎಲ್ ೪೦, ಟ್ರೈಗ್ಲಿಸರೈಡ್ ೧೫೦ ಮಿಲಿಗ್ರಾಂ ಎಂದಿಟ್ಟುಕೊಳ್ಳಿ. ೨೧೦ರಿಂದ ೪೦ನ್ನೂ ೩೦ನ್ನೂ ಕಳೆದರೆ ಉಳಿಯುವುದು ೧೪೦. ಇದೇ ವರದಿಯ ಎಲ್‌ಡಿಎಲ್. ಟ್ರೈಗ್ಲಿಸರೈಡ್ ೪೦೦ನ್ನು ಮೀರಿದರೆ ಈ ಸೂತ್ರವನ್ನು ನಂಬಲಾಗದು. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಅನ್ನು ಮಾತ್ರ ಕಳೆದು ಬರುವ ೧೭೦ ಕೂಡ ಪ್ರಯೋಜನಕರವಾದ ಅಂಕಿಯೇ. ಊಟಮಾಡಿ ರಕ್ತ ಕೊಟ್ಟಿದ್ದರೂ ಅದು ಹೆಚ್ಚು ಬದಲಾಗುವುದಿಲ್ಲ.

ಸ್ಲೈಡ್ ಕ್ಯಾಲಿಪರ್ಸ್ ಹಿಡಿದ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲಂತೆ, ದೋಷವಿಲ್ಲದ ಅಳತೆಯಿಲ್ಲ. ಅಮೆರಿಕದ ರಾಷ್ಟ್ರೀಯ ಕೊಲೆಸ್ಟರಾಲ್ ಶಿಕ್ಷಣ ಕಾರ್ಯಕ್ರಮವು ೧೯೯೫ರಲ್ಲಿ ಒಳ್ಳೆಯ ಪರೀಕ್ಷಾಲಯಕ್ಕೆ ನಿಗದಿಮಾಡಿದ ಗುರಿಯಲ್ಲಿಯೇ ಎಲ್‌ಡಿಎಲ್ ಅಳತೆಗೆ ಶೇಕಡ ೧೨ರಷ್ಟು ದೋಷವನ್ನು ಒಪ್ಪಿಕೊಂಡಿತ್ತು. ಈ ಲೆಕ್ಕದಲ್ಲಿ ೧೪೦ ಎಂಬ ಅಂಕಿ ೧೨೩ರಿಂದ ೧೫೭ರವರೆಗೆ ಎಲ್ಲಿಯಾದರೂ ಇರಬಹುದು. ಇದಲ್ಲದೆ ಒಬ್ಬನದೇ ರಕ್ತದಲ್ಲಿ ಕೊಲೆಸ್ಟರಾಲ್ ದಿನದಿಂದ ದಿನಕ್ಕೆ ಏರಿಳಿಯುತ್ತಿರುತ್ತದೆ. ತೀವ್ರವಾದ ಕಾಯಿಲೆಯಲ್ಲಿ ಅದು ಕೆಲಕಾಲ ಇಳಿಯುವುದು. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದರೆ ಏರುವುದು. ಆದುದರಿಂದ ಕಳೆದ ವರ್ಷ ೧೨೮ ಇದ್ದದ್ದು ಈ ವರ್ಷ ೧೩೨ ಆಯಿತೆಂದು ಹೆದರುವುದೂ, ೧೩೨ ಇದ್ದದ್ದು ಕಷಾಯ ಕುಡಿದು ೧೨೮ಕ್ಕೆ ಇಳಿಯಿತೆಂದು ಹಿಗ್ಗುವುದೂ ಸಮನಾಗಿ ನಿರಾಧಾರ. ಬಾಳಿನುದ್ದಕ್ಕೂ ನಡೆಯಬೇಕಾದ ಚಿಕಿತ್ಸೆಯನ್ನು ತೀರ್ಮಾನಿಸುವ ಮೊದಲು ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸುವುದು ವಿವೇಕ.

ವರದಿಯಲ್ಲಿ ಅಚ್ಚಾದ ಮಿತಿಯೂ ಪ್ರಕೃತಿನಿಯಮವಲ್ಲ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವಂತೆ, ಇಂತಿಷ್ಟು ಅಂಕಿಯಲ್ಲಿ ಆರೋಗ್ಯ ಮುಗಿದು ರೋಗ ಆರಂಭವಾಗುವುದೆಂಬ ಬಿಂದುವಿಲ್ಲ. ಅಪಾಯ ಮೆಲ್ಲಮೆಲ್ಲನೆ ಏರುತ್ತ ಹೋಗುತ್ತದೆ. ೧೯೪೮ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಊರಿನಲ್ಲಿ ಮೊದಲಾದ ಅಧ್ಯಯನವು ೫,೨೦೯ ಜನರನ್ನು ದಶಕಗಳ ಕಾಲ ಗಮನಿಸಿ, ಕೊಲೆಸ್ಟರಾಲ್, ರಕ್ತದೊತ್ತಡ, ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ವಯಸ್ಸು ಇವೆಲ್ಲ ಕೂಡಿಯೇ ಅಪಾಯವನ್ನು ನಿರ್ಧರಿಸುತ್ತವೆಂದು ತೋರಿಸಿತು. ಕಾರ್ಡಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ೨೦೨೪ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಎಲ್ಲರಿಗೂ ಒಂದೇ ಮಿತಿಯನ್ನು ಹೇಳುವುದಿಲ್ಲ. ಸಾಮಾನ್ಯರಿಗೆ ಎಲ್‌ಡಿಎಲ್ ೧೦೦ಕ್ಕಿಂತಲೂ, ಸಕ್ಕರೆ ಕಾಯಿಲೆಯೇ ಮೊದಲಾದ ಕಾರಣಗಳಿಂದ ಹೆಚ್ಚಿನ ಅಪಾಯದಲ್ಲಿರುವವರಿಗೆ ೭೦ಕ್ಕಿಂತಲೂ, ಹೃದಯಾಘಾತವಾದವರಂಥ ಅತಿ ಹೆಚ್ಚಿನ ಅಪಾಯದವರಿಗೆ ೫೫ಕ್ಕಿಂತಲೂ ಕಡಿಮೆಯಿರಬೇಕೆಂಬುದು ಅದರ ಗುರಿ. ಹೀಗಿರುವಲ್ಲಿ ೯೫ ಎಂಬ ಅಂಕಿಯ ಪಕ್ಕದಲ್ಲಿ ನಕ್ಷತ್ರ ಕಾಣದಿರಬಹುದು. ಆದರೆ ಒಮ್ಮೆ ಹೃದಯಾಘಾತವಾದ ತಂದೆಗೆ ಅದು ಬಹಳ ಹೆಚ್ಚು. ಆರೋಗ್ಯವಾಗಿರುವ ಇಪ್ಪತ್ತೈದರ ಮಗಳಿಗೆ ಅದೇ ೯೫ರಿಂದ ಯಾವ ಚಿಂತೆಯೂ ಇಲ್ಲ.

ಒಂದು ಎಚ್ಚರಿಕೆ ಮಾತ್ರ ಎಲ್ಲ ವಯಸ್ಸಿನವರಿಗೂ ಅನ್ವಯಿಸುತ್ತದೆ. ಎಲ್‌ಡಿಎಲ್ ೧೯೦ನ್ನು ದಾಟಿದ್ದರೆ ಅದು ವಂಶದಲ್ಲಿ ಹರಿದುಬಂದ ದೋಷವಾಗಿರಬಹುದು. ಸುಮಾರು ೩೦೦ ಜನರಲ್ಲಿ ಒಬ್ಬರಿಗೆ ಇಂಥ ದೋಷವುಂಟು; ತಾಯಿತಂದೆಗಳಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಇಲ್ಲಿ ಕಾಯುವಂತಿಲ್ಲ, ವೈದ್ಯರನ್ನು ಕಾಣಬೇಕು, ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಓದುಗರಲ್ಲಿ ಕೆಲವರಿಗೆ ಈ ಮಾತು ನೇರವಾಗಿ ಸಲ್ಲಬಹುದು.

ಈಗ ಚಿಕಿತ್ಸೆ. ಮೊದಲನೆಯದು ಆಹಾರ. ಕಡಲೆಕಾಯಿ ಎಣ್ಣೆಯ ಡಬ್ಬದ ಮೇಲೆ “ಕೊಲೆಸ್ಟರಾಲ್ ಇಲ್ಲ” ಎಂದು ಮುದ್ರಿಸಿರುವುದನ್ನು ಎಲ್ಲರೂ ನೋಡಿರುವರು. ಗಿಡಗಳ ಎಣ್ಣೆಯಲ್ಲಿ ಕೊಲೆಸ್ಟರಾಲ್ ಎಂದೂ ಇರಲಿಲ್ಲವೆನ್ನಬಹುದು. ಇಲ್ಲದುದನ್ನು ತೆಗೆದೆವೆಂದು ಹೇಳಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆಯೇನು? ರಕ್ತದ ಎಲ್‌ಡಿಎಲ್ ಅನ್ನು ಮುಖ್ಯವಾಗಿ ಏರಿಸುವುದು ಪರ್ಯಾಪ್ತ ಕೊಬ್ಬು. ತೆಂಗಿನೆಣ್ಣೆಯೂ ಗಿಡದ್ದೇ, ಅದರಲ್ಲಿಯೂ ಕೊಲೆಸ್ಟರಾಲಿಲ್ಲ. ಆದರೆ ಅದರ ಕೊಬ್ಬಿನಲ್ಲಿ ಶೇಕಡ ೯೦ರ ಹತ್ತಿರ ಪರ್ಯಾಪ್ತವಾದದ್ದು. ಇಂಥ ಕೊಬ್ಬನ್ನು ಮಿತಗೊಳಿಸಿ ಬೇಳೆಕಾಳು, ಸೊಪ್ಪು, ತರಕಾರಿಗಳನ್ನು ಹೆಚ್ಚಿಸಿದರೆ ಎಲ್‌ಡಿಎಲ್ ಸ್ವಲ್ಪಮಟ್ಟಿಗೆ ಇಳಿಯುತ್ತದೆ. ಬೀಡಿ ಸಿಗರೇಟು ಬಿಟ್ಟರೆ ಎಲ್‌ಡಿಎಲ್ ಅಂಕಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣುವುದಿಲ್ಲ. ಆದರೂ ಹೃದಯಕ್ಕೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲವೆನ್ನಬಹುದು. ವರದಿಯೊಂದನ್ನೇ ನಂಬಿದವನಿಗೆ ಈ ಲಾಭ ಕಾಣುವುದೇ ಇಲ್ಲ.

ಎರಡನೆಯದು ಔಷಧ. ಜಪಾನಿನ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸಿ, ೧೯೭೩ರಲ್ಲಿ ಒಂದರಿಂದ ಮೊದಲ ಸ್ಟ್ಯಾಟಿನ್ ಅನ್ನು ಬೇರ್ಪಡಿಸಿದರು. ಆ ಬೂಷ್ಟು ಕ್ಯೋಟೋ ನಗರದ ಧಾನ್ಯದಂಗಡಿಯ ಅಕ್ಕಿಯಲ್ಲಿ ಬೆಳೆದಿದ್ದದ್ದು. ೧೯೮೭ರಲ್ಲಿ ಅಮೆರಿಕದಲ್ಲಿ ಲೊವಸ್ಟ್ಯಾಟಿನ್ ಮಾರಾಟಕ್ಕೆ ಅನುಮತಿ ದೊರೆಯಿತು. ಸ್ಟ್ಯಾಟಿನ್ ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆಯನ್ನು ತಗ್ಗಿಸುತ್ತದೆ. ಕೊರತೆಬಿದ್ದ ಯಕೃತ್ತು ರಕ್ತದಿಂದ ಹೆಚ್ಚು ಎಲ್‌ಡಿಎಲ್ ಅನ್ನು ಸೆಳೆದುಕೊಳ್ಳುತ್ತದೆ. ಹೀಗೆ ಸೆಳೆಯುವ ಗ್ರಾಹಕಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನರಿಗೆ ೧೯೮೫ರ ನೊಬೆಲ್ ಪಾರಿತೋಷಕ ಸಂದಿತು.

ಅಂಕಿ ಇಳಿದರೆ ಜೀವ ಉಳಿಯುವುದೋ? ಇದಕ್ಕೆ ೧೯೯೪ರಲ್ಲಿ ಸ್ಕ್ಯಾಂಡಿನೇವಿಯದ ಅಧ್ಯಯನ ಉತ್ತರ ಕೊಟ್ಟಿತು. ಮೊದಲೇ ಹೃದ್ರೋಗವಿದ್ದ ೪,೪೪೪ ಜನರಲ್ಲಿ ಅರ್ಧ ಜನಕ್ಕೆ ಸ್ಟ್ಯಾಟಿನ್ ಮಾತ್ರೆ, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಐದು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿದರು. ಹುಸಿಮಾತ್ರೆಯವರಲ್ಲಿ ೨೫೬ ಜನ, ಸ್ಟ್ಯಾಟಿನ್ ಪಡೆದವರಲ್ಲಿ ೧೮೨ ಜನ ತೀರಿಕೊಂಡರು. ಅಂದರೆ ನೂರಕ್ಕೆ ಸುಮಾರು ೧೨ ಇದ್ದ ಸಾವು ೮ಕ್ಕೆ ಇಳಿಯಿತು. ಮರುವರ್ಷ ಸ್ಕಾಟ್ಲೆಂಡಿನಲ್ಲಿ, ಮೊದಲು ಹೃದಯಾಘಾತವಾಗದ, ಕೊಲೆಸ್ಟರಾಲ್ ಹೆಚ್ಚಾಗಿದ್ದ ೬,೫೯೫ ಗಂಡಸರ ಅಧ್ಯಯನದ ಫಲ ಹೊರಬಂದಿತು. ಅಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವು ಸೇರಿ ನೂರಕ್ಕೆ ೭.೯ರಿಂದ ೫.೫ಕ್ಕೆ ಇಳಿದವು.

ಎರಡರಲ್ಲಿಯೂ ಇಳಿಕೆ ಶೇಕಡ ೩೦ರ ಆಸುಪಾಸು. ಆದರೆ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ, “ಯಾವುದರಲ್ಲಿ ಶೇಕಡ ೩೦?” ಎಂಬುದು. ಹತ್ತು ವರ್ಷಗಳಲ್ಲಿ ನೂರರಲ್ಲಿ ೨೦ ಜನಕ್ಕೆ ಹೃದಯಾಘಾತವಾಗಬಹುದಾದ ಗುಂಪಿನಲ್ಲಿ ಶೇಕಡ ೩೦ ಇಳಿದರೆ ಆರು ಜನ ಪಾರಾದರು. ನೂರರಲ್ಲಿ ಒಬ್ಬನಿಗೆ ಮಾತ್ರ ಆಗಬಹುದಾದ ಗುಂಪಿನಲ್ಲಿ, ಮುನ್ನೂರು ಜನ ಹತ್ತು ವರ್ಷ ಮಾತ್ರೆ ನುಂಗಿದರೂ ಪಾರಾಗುವವನು ಒಬ್ಬನೇ. ಮಾತ್ರೆ ಅದೇ, ಶೇಕಡವೂ ಅದೇ, ಲಾಭ ಬೇರೆ. ಆದುದರಿಂದ ಮೊದಲ ಗುಂಪಿನವರು ಮಾತ್ರೆಯನ್ನು ನಿರಾಕರಿಸುವುದು ಅವಿವೇಕವೆಂದೂ, ಎರಡನೆಯ ಗುಂಪಿನವರು ಆಹಾರವ್ಯಾಯಾಮಗಳಿಂದ ಆರಂಭಿಸಬಹುದೆಂದೂ ನಾವು ತಿಳಿಯುತ್ತೇವೆ.

ಅಂಕಿಯ ಹಿಂದೆಯೇ ಓಡಿದರೆ ಏನಾಗುವುದೆಂಬುದಕ್ಕೂ ನಿದರ್ಶನವುಂಟು. ಟಾರ್ಸೆಟ್ರಾಪಿಬ್ ಎಂಬ ಔಷಧ “ಒಳ್ಳೆಯ” ಎಚ್‌ಡಿಎಲ್ ಅನ್ನು ಶೇಕಡ ೭೦ಕ್ಕೂ ಹೆಚ್ಚಿಸಿತು. ಎಲ್‌ಡಿಎಲ್ ಅನ್ನು ತಗ್ಗಿಸಿಯೂ ಕೊಟ್ಟಿತು. ವರದಿಯನ್ನು ನೋಡಿದರೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಆದರೆ ಸುಮಾರು ೧೫,೦೦೦ ಜನರ ಪರೀಕ್ಷೆಯಲ್ಲಿ ಆ ಔಷಧ ಪಡೆದವರಲ್ಲಿಯೇ ಹೆಚ್ಚು ಸಾವುಗಳು ಕಂಡುಬಂದು, ೨೦೦೬ರ ಡಿಸೆಂಬರಿನಲ್ಲಿ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು. ಆದುದರಿಂದ ಯಾವ ಔಷಧವನ್ನೇ ಆಗಲಿ, ಯಾವ ಮನೆಮದ್ದನ್ನೇ ಆಗಲಿ “ಅಂಕಿಯನ್ನು ಇಳಿಸುತ್ತದೆ” ಎಂದು ಹೊಗಳಿದರೆ ಸಾಲದು. ಹೃದಯಾಘಾತ ಕಡಿಮೆಯಾಯಿತೆ, ಜನ ಹೆಚ್ಚುಕಾಲ ಬದುಕಿದರೆ ಎಂದು ಕೇಳಬೇಕು.

ಇದಕ್ಕೆ ವಿರುದ್ಧವಾದ ತಪ್ಪು ನಮ್ಮ ಮನೆಗಳಲ್ಲಿ ಇನ್ನೂ ಹೆಚ್ಚು. ಅಂಕಿ ಇಳಿಯಿತೆಂದು ಹಲವರು ಮಾತ್ರೆಯನ್ನೇ ಬಿಡುವರು. ಸ್ಟ್ಯಾಟಿನ್ ತೆಗೆದುಕೊಳ್ಳುವವರೆಗೆ ಮಾತ್ರ ಕೆಲಸಮಾಡುತ್ತದೆ. ಬಿಟ್ಟ ಕೆಲವು ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಮಟ್ಟಕ್ಕೆ ಏರುತ್ತದೆ. ಇನ್ನು ಕೆಲವರು ಮೈಕೈ ನೋವಿಗೆ ಹೆದರಿ ಬಿಡುವರು. ಸ್ನಾಯುಗಳಿಗೆ ತೊಂದರೆಯಾಗುವುದುಂಟು, ರಕ್ತದ ಸಕ್ಕರೆ ಸ್ವಲ್ಪ ಏರುವುದೂ ಉಂಟು; ಇವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ೨೦೨೦ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ, ತೊಂದರೆಯಿಂದ ಸ್ಟ್ಯಾಟಿನ್ ಬಿಟ್ಟಿದ್ದ ೬೦ ಜನಕ್ಕೆ ಕೆಲವು ತಿಂಗಳು ಔಷಧ, ಕೆಲವು ತಿಂಗಳು ಹುಸಿಮಾತ್ರೆ, ಕೆಲವು ತಿಂಗಳು ಏನೂ ಇಲ್ಲದಂತೆ ಕೊಟ್ಟು ನೋಡಲಾಗಿ, ಔಷಧದಿಂದ ಆದ ತೊಂದರೆಯ ಶೇಕಡ ೯೦ರಷ್ಟು ಹುಸಿಮಾತ್ರೆಯಿಂದಲೂ ಆಯಿತು. ಅವರ ನೋವು ಸುಳ್ಳಲ್ಲ. ಕಾರಣ ಮಾತ್ರ ಬಹುಮಟ್ಟಿಗೆ ಬೇರೆ. ಆದುದರಿಂದ ನೋವು ಕಂಡರೆ ತಾವೇ ಮಾತ್ರೆ ಬಿಡದೆ ವೈದ್ಯರಿಗೆ ತಿಳಿಸಬೇಕು. ಪ್ರಮಾಣವನ್ನು ಅರ್ಧಕ್ಕಿಳಿಸಿದರೂ ಹೆಚ್ಚಿನ ನಷ್ಟವಿಲ್ಲ, ಏಕೆಂದರೆ ಪ್ರಮಾಣವನ್ನು ಇಮ್ಮಡಿಸಿದಾಗ ಎಲ್‌ಡಿಎಲ್ ಇನ್ನೂ ಇಳಿಯುವುದು ಶೇಕಡ ೬ರಷ್ಟು ಮಾತ್ರ. ಗರ್ಭಿಣಿಯರ ವಿಚಾರವೇ ಬೇರೆ. ಅವರು ವೈದ್ಯರನ್ನು ಕೂಡಲೇ ಕೇಳತಕ್ಕದ್ದು.

“ಇದೆಲ್ಲ ವೈದ್ಯರ ಕೆಲಸ, ವಿದ್ಯಾರ್ಥಿಗಳಿಗೇಕೆ?” ಎಂದು ಆಕ್ಷೇಪಿಸುವವರುಂಟು. ಔಷಧವನ್ನು ಗೊತ್ತುಮಾಡುವುದು ವೈದ್ಯರ ಕೆಲಸವೇ. ಅದರಲ್ಲಿ ನಾವು ಕೈಹಾಕಬಾರದು. ಆದರೆ ಜನ ಕಿಕ್ಕಿರಿದ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ದೊರೆಯುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ “ಈ ಅಂಕಿಯನ್ನು ಅಳೆದದ್ದೋ, ಲೆಕ್ಕಹಾಕಿದ್ದೋ? ನಮ್ಮ ತಂದೆಗಿರುವ ಒಟ್ಟು ಅಪಾಯವೆಷ್ಟು? ಮಾತ್ರೆಯಿಂದ ಅದು ಎಷ್ಟಕ್ಕೆ ಇಳಿಯುವುದು? ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು?” ಎಂದು ಕೇಳಬಲ್ಲ ಮಗನೋ ಮಗಳೋ ಜೊತೆಯಲ್ಲಿದ್ದರೆ ವೈದ್ಯರಿಗೂ ಅನುಕೂಲ.

ಪರೀಕ್ಷಾಲಯಗಳು ವರದಿಯನ್ನು ಕನ್ನಡದಲ್ಲಿಯೂ ಕೊಡಬೇಕು. ಅಂಕಿಯ ಪಕ್ಕದಲ್ಲಿ ಅದರ ದೋಷಮಿತಿಯನ್ನೂ, ಎಲ್‌ಡಿಎಲ್ ಲೆಕ್ಕದಿಂದ ಬಂದದ್ದಾದರೆ ಆ ಮಾತನ್ನೂ ಅಚ್ಚುಮಾಡಬೇಕು. ನಮ್ಮ ಕಾಲೇಜುಗಳಲ್ಲಿ ಪ್ರಯೋಗದೋಷದ ಪಾಠವೆಂದರೆ ಲೋಲಕದ ಆವರ್ತಕಾಲ, ತಂತಿಯ ವ್ಯಾಸ ಇಷ್ಟರಲ್ಲಿಯೇ ಮುಗಿಯುತ್ತಿದೆ. ಅವುಗಳ ಜೊತೆಗೆ ಇಂಥ ವರದಿಯೊಂದನ್ನು, ಹೆಸರನ್ನು ಅಳಿಸಿ, ಲೆಕ್ಕಕ್ಕೆ ಕೊಡಬಾರದೇಕೆ? ಒಂದು ಗಂಟೆಯ ಪಾಠ ಸಾಕು. ಅದನ್ನು ಕಲಿತ ವಿದ್ಯಾರ್ಥಿ ಮುಂದೆ ಯಾವ ಉದ್ಯೋಗಕ್ಕೆ ಹೋದರೂ ಅದರ ಪ್ರಯೋಜನ ಅವನ ಮನೆಯವರಿಗೆ ಉಂಟು.