ಎತ್ತಿದ ಟ್ರೈಲರಿನ ಕೆಳಗೆ ಮಲಗುವವನು ಯಾರು?



ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಕಡೆಯಾಗಲಿ, ಬೆಳಗಾವಿಯ ಕಡೆಯಾಗಲಿ, ರಾತ್ರಿ ಹೊತ್ತು ಒಮ್ಮೆ ರಸ್ತೆಯ ಬದಿ ನೋಡಿ. ಒಂದು ಟ್ರೈಲರು ಪಂಚರ್ ಆಗಿ ನಿಂತಿರುತ್ತದೆ. ಮೇಲೆ ಟನ್ನುಗಟ್ಟಲೆ ಕಬ್ಬು. ಅಚ್ಚಿನ ಕೆಳಗೆ ಒಂದು ಜಾಕು, ಪಕ್ಕದಲ್ಲಿ ಎರಡು ಸೈಜುಗಲ್ಲು. ಅವುಗಳ ನಡುವೆ ಟಾರ್ಚು ಹಿಡಿದುಕೊಂಡು ಮಲಗಿರುವ ಒಬ್ಬ ಹುಡುಗ. ಆ ಹುಡುಗನ ಜೀವ ಯಾವುದರ ಮೇಲೆ ನಿಂತಿದೆ ಅಂತ ನೀವು ಎಂದಾದರೂ ಕೇಳಿಕೊಂಡಿದ್ದೀರಾ?

ನಾನೂ ಕೇಳಿಕೊಂಡಿರಲಿಲ್ಲ. ಕಲ್ಲು ಬೇಡ, ಸೀಳಿಬಿಡುತ್ತೆ ಅಂತ ಬುದ್ಧಿವಂತಿಕೆ ಮಾಡಿ ಪೇಟೆಯಿಂದ ಒಂದು ಜೊತೆ ಕಬ್ಬಿಣದ ಸ್ಟ್ಯಾಂಡು ತಂದಿದ್ದೆ. ಒಂದು ದಿನ ಟ್ರೈಲರಿನ ಚಕ್ರ ಬಿಚ್ಚಿ ಡ್ರೈವರು ಕೆಳಗೆ ಕೆಲಸ ಮಾಡುತ್ತಿದ್ದ. ಸ್ಪ್ಯಾನರ್ ತರೋಣ ಅಂತ ಅವನು ಈಚೆಗೆ ಬಂದ. ಅಷ್ಟೇ. ಸ್ಟ್ಯಾಂಡಿನ ಕೊಕ್ಕೆ ಜಾರಿತು, ಡ್ರಮ್ಮು ನೆಲಕ್ಕೆ ಕುಟ್ಟಿತು. ಆ ಸ್ಪ್ಯಾನರ್ ಅವನ ಕೈಯಲ್ಲೇ ಇದ್ದಿದ್ದರೆ ಅವನ ಮನೆಯವರಿಗೆ ನಾನು ಏನು ಹೇಳಬೇಕಿತ್ತು?

ಸ್ಟ್ಯಾಂಡು ಎತ್ತಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ನಕ್ಕ. "ಗೌಡ್ರೇ, ಕಬ್ಣದ ಸಾಮಾನಿಗೆ ಯಾರು ಗ್ಯಾರಂಟಿ ಕೊಡ್ತಾರೆ? ಬಿಲ್ ಐತಾ?" ಅಂದ. ಬಿಲ್ಲು ಇರಲಿಲ್ಲ. ಸ್ಟ್ಯಾಂಡಿನ ಮೇಲೆ ತಯಾರಿಸಿದವನ ಹೆಸರೂ ಇರಲಿಲ್ಲ, ಎಷ್ಟು ಭಾರ ತಡೆಯುತ್ತೆ ಅನ್ನುವ ಒಂದು ಅಂಕಿಯೂ ಇರಲಿಲ್ಲ.

ಈ ಸ್ಟ್ಯಾಂಡು ಕೆಲಸ ಮಾಡುವ ರೀತಿ ಬಹಳ ಸರಳ. ನಡುವೆ ಹಲ್ಲು ಹಲ್ಲಾಗಿರುವ ಒಂದು ಕಂಬ. ಆ ಹಲ್ಲಿಗೆ ಒಂದು ಕೊಕ್ಕೆ ಕಚ್ಚಿಕೊಳ್ಳುತ್ತೆ. ಕೊಕ್ಕೆ ಪೂರ್ತಿ ಕಚ್ಚಿದರೆ ಭಾರ ನಿಲ್ಲುತ್ತೆ. ತುದಿಯಲ್ಲಿ ಮಾತ್ರ ಕಚ್ಚಿದ್ದರೆ, ಮೇಲಿನ ಭಾರ ಒಂದಿಷ್ಟು ಅಲುಗಿದರೂ ಸಾಕು, ಕಂಬ ಧಡಕ್ಕನೆ ಕೆಳಗಿಳಿಯುತ್ತೆ.

"ಇದೆಲ್ಲ ಹಳ್ಳಿ ಪೇಟೆಯ ಕಳಪೆ ಮಾಲಿನ ಕಥೆ" ಅನ್ನುತ್ತೀರಾ? ಕೇಳಿ. ಅಮೆರಿಕದಲ್ಲಿ ಹಾರ್ಬರ್ ಫ್ರೈಟ್ ಟೂಲ್ಸ್ ಅನ್ನುವ ದೊಡ್ಡ ಕಂಪನಿ 3 ಟನ್ನಿನ ಮತ್ತು 6 ಟನ್ನಿನ ಇಂಥ ಸ್ಟ್ಯಾಂಡುಗಳನ್ನು ಮಾರಿತ್ತು. ಅವುಗಳ ಹಲ್ಲಿಗೆ ಕೊಕ್ಕೆ ಸರಿಯಾಗಿ ಕಚ್ಚುತ್ತಿಲ್ಲ ಅಂತ 2020ರಲ್ಲಿ ಸುಮಾರು 17 ಲಕ್ಷ ಸ್ಟ್ಯಾಂಡುಗಳನ್ನು ವಾಪಸು ಕರೆಯಬೇಕಾಯಿತು. ತಯಾರಿಸುವ ಅಚ್ಚುಗಳು ಹಳತಾಗಿದ್ದೇ ಕಾರಣ ಅಂತ ವರದಿ ಕೊಟ್ಟರು. ಮುಂದಿನದು ಇನ್ನೂ ಚೆನ್ನಾಗಿದೆ. ಹಳೆಯದರ ಬದಲಿಗೆ ಮಾರುತ್ತಿದ್ದ ಹೊಸ 3 ಟನ್ನಿನ ಸ್ಟ್ಯಾಂಡಿನಲ್ಲಿ ಬೆಸುಗೆಯೇ ಸರಿಯಿಲ್ಲ ಅಂತ ಗೊತ್ತಾಗಿ, ಅದೇ ವರ್ಷ ಜುಲೈನಲ್ಲಿ ಅದನ್ನೂ ವಾಪಸು ಕರೆದರು!

ಅಲ್ಲಿಯ ಕಂಪನಿಗಳು ಧರ್ಮರಾಯರು ಅಂತ ನಾನು ಹೇಳುತ್ತಿಲ್ಲ. ಲಾಭದ ಆಸೆ ಅಲ್ಲೂ ಒಂದೇ, ಇಲ್ಲೂ ಒಂದೇ. ಆದರೆ ಅಲ್ಲಿ ಪ್ರತಿ ಸ್ಟ್ಯಾಂಡಿನ ಮೇಲೂ ಒಂದು ನಂಬರು ಇತ್ತು. ಆ ನಂಬರು ಹಿಡಿದು ಕರೆದರು. ನಮ್ಮದಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ್ದನ್ನು ಯಾರು ಕರೆಯಬೇಕು? ಎಲ್ಲಿಂದ ಕರೆಯಬೇಕು?

ಈಗ ನಿಮ್ಮ ಟ್ರ್ಯಾಕ್ಟರಿನ ಸಾಲದ ಕಾಗದ ತೆಗೆದು ನೋಡಿ. ಇಂಜಿನ್ ನಂಬರು ಇದೆ. ಚಾಸಿ ನಂಬರು ಇದೆ. ಪಹಣಿ, ಜಾಮೀನುದಾರ, ಕಂತಿನ ತಾರೀಕು ಎಲ್ಲವೂ ಇವೆ. ಬ್ಯಾಂಕಿನವರು ವಸೂಲಿಗೆ ಬಂದಾಗ ಕತ್ತಲಲ್ಲೂ ನಿಮ್ಮ ಗಾಡಿಯನ್ನು ಗುರುತು ಹಿಡಿಯಬಲ್ಲರು. ಸಾಲ ವಸೂಲಿಗೆ ಬೇಕಾದ ನಂಬರುಗಳನ್ನೆಲ್ಲ ಕಬ್ಬಿಣದಲ್ಲಿ ಕೆತ್ತಿದ್ದಾರೆ. ಜೀವ ಉಳಿಸೋಕೆ ಬೇಕಾದ ಒಂದಕ್ಷರವನ್ನೂ ಕೆತ್ತಿಲ್ಲ. ಗಾಡಿಯ ಕೆಳಗೆ ಮನೆಯ ಯಜಮಾನ ಹೋದರೂ ಕಂತು ಮಾತ್ರ ನಿಲ್ಲುವುದಿಲ್ಲ. ಹೆಂಡತಿ ಮಕ್ಕಳ ಮುಂದೆ ನೋಟೀಸು ಬಂದು ಬೀಳುತ್ತೆ.

"ರೈತನೇ ಅಜಾಗರೂಕ" ಅಂತ ಪೇಟೆಯವರು ಹೇಳುತ್ತಾರೆ. ಅದಕ್ಕೆ ಉತ್ತರ ಕೊಡುವ ಮೊದಲು ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳೋಣ. ಬೆಳೆಗೆ ನ್ಯಾಯವಾದ ಬೆಲೆ ಕೊಡಿ ಅಂತ ಬೀದಿಗಿಳಿಯುವ ನಾವೇ ಎತ್ತಿದ ಗಾಡಿಯ ಕೆಳಗೆ ಕೂಲಿಯವನ ಮಗನನ್ನು ಕಳಿಸಿ, ಬದುವಿನ ಮೇಲೆ ನಿಂತು "ಬೇಗ ಮುಗಿಸೋ" ಅನ್ನುತ್ತೇವೆ. ಲಕ್ಷಗಟ್ಟಲೆ ಸಾಲ ಮಾಡಿ ಟ್ರ್ಯಾಕ್ಟರು ತರುವವರು ಸ್ಟ್ಯಾಂಡಿಗೆ ಬಂದಾಗ ಐವತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ನಾಲ್ಕು ಕಾಸು ಉಳಿಯುತ್ತೆ ಅಂತ "ಬಿಲ್ ಬೇಡ ಬಿಡಿ" ಅನ್ನುವವರೂ ನಾವೇ. ನಮ್ಮ ಬೆವರಿಗೆ ಬೆಲೆ ಕೇಳುವವರು ಇನ್ನೊಬ್ಬರ ರಕ್ತಕ್ಕೆ ಬೆಲೆ ಕಟ್ಟದಿದ್ದರೆ ಅದು ಯಾವ ಸೀಮೆಯ ನ್ಯಾಯ?

ಕಾನೂನು ಇಲ್ಲ ಅಂತಲೂ ಅಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಲ್ಲಿ, ದೋಷವಿರುವ ಮಾಲಿನಿಂದ ಗಾಯವಾದರೆ, ಜೀವ ಹೋದರೆ, ತಯಾರಿಸಿದವನಿಂದಲೂ ಮಾರಿದವನಿಂದಲೂ ಪರಿಹಾರ ಕೇಳಲು ದಾರಿ ಇದೆ. ಅಪಾಯದ ಮಾಲನ್ನು ವಾಪಸು ಕರೆಸುವ ಅಧಿಕಾರವನ್ನು ಆ ಕಾಯಿದೆ ಕೇಂದ್ರ ಪ್ರಾಧಿಕಾರಕ್ಕೆ ಕೊಟ್ಟಿದೆ. "ರೈತ ಗ್ರಾಹಕನೇ ಅಲ್ಲ" ಅಂತ ಬೀಜದ ಕಂಪನಿಯವರು ವಾದ ಮಾಡಿದಾಗ ಸುಪ್ರೀಂ ಕೋರ್ಟು 2012ರಲ್ಲಿ ಆ ವಾದವನ್ನು ತಳ್ಳಿಹಾಕಿತು. 5 ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ನೀವು ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಆದರೆ ಬಿಲ್ಲಿಲ್ಲದ, ಹೆಸರಿಲ್ಲದ ಕಬ್ಬಿಣ ಹಿಡಿದು ಹೋದರೆ ಯಾರ ಮೇಲೆ ದೂರು ಕೊಡುತ್ತೀರಿ?

ಆದ್ದರಿಂದ ನಾವು ಕೇಳಬೇಕಾದ್ದು ಇಷ್ಟು. ತಯಾರಕನ ಹೆಸರು ಮತ್ತು ತಡೆಯುವ ಭಾರ ಕೆತ್ತಿರದ ಜಾಕು, ಸ್ಟ್ಯಾಂಡು ಮಾರುವುದನ್ನು ಸರ್ಕಾರ ತಡೆಯಲಿ. ಟ್ರ್ಯಾಕ್ಟರು, ಟ್ರೈಲರು ಮಾರುವವರು ಅದರ ಭಾರಕ್ಕೆ ತಕ್ಕ ಸ್ಟ್ಯಾಂಡನ್ನು ಜೊತೆಗೇ ಕೊಡಲಿ. ಸಹಕಾರ ಸಂಘಗಳು ಗೊಬ್ಬರ ತರಿಸಿದಂತೆ ಒಳ್ಳೆಯ ಸ್ಟ್ಯಾಂಡುಗಳನ್ನೂ ತರಿಸಿ ಊರಲ್ಲಿ ಇಡಲಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಜಾಕು ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಒಳಗಿನ ಸೀಲು ಹೋದರೆ ಎಣ್ಣೆ ಜಾರಿ ಗಾಡಿ ಕೂರುತ್ತೆ. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರನ್ನೂ ಬಿಡಬೇಡಿ. ಸಿಮೆಂಟ್ ಇಟ್ಟಿಗೆ, ಸೈಜುಗಲ್ಲು ನಂಬಬೇಡಿ. ಮೊದಲು ಭಾರ ಇಳಿಸಿ. ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಕಪ್ಪುಮಣ್ಣಿನಲ್ಲಿ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಹಾಕಿ. ಕೊಕ್ಕೆ ಪೂರ್ತಿ ಕಚ್ಚಿದೆಯಾ ಅಂತ ಕಣ್ಣಾರೆ ನೋಡಿ, ಬೆಸುಗೆ ಬಿರುಕು ಬಿಟ್ಟಿದ್ದರೆ ಗುಜರಿಗೆ ಹಾಕಿ. ಎತ್ತಿ ನಿಲ್ಲಿಸಿದ ರೋಟಾವೇಟರಿಗೂ, ಮೇಲೆತ್ತಿದ ಟಿಪ್ಪಿಂಗ್ ಟ್ರೈಲರಿಗೂ ಇದೇ ಮಾತು: ಗಟ್ಟಿ ಆಸರೆ ಕೊಡದೆ ಕೆಳಗೆ ಕೈ ಹಾಕಬೇಡಿ.

ನಾಳೆ ಪೇಟೆಗೆ ಹೋದಾಗ ಅಂಗಡಿಯವನಿಗೆ ಎರಡೇ ಮಾತು ಹೇಳಿ: "ಇದನ್ನ ಮಾಡಿದೋನ ಹೆಸರು ತೋರ್ಸು. ಬಿಲ್ ಕೊಡು." ಒಬ್ಬ ಕೇಳಿದರೆ ನಗುತ್ತಾನೆ. ಊರಿಗೆ ಊರೇ ಕೇಳಿದರೆ ನಗೋದು ಬಿಟ್ಟು ಬಿಲ್ಲು ಬರೀತಾನೆ.