ಕಣ್ಣಿನ ಬೆಳಕೂ ಬೊಕ್ಕಸದ ಕರ್ತವ್ಯವೂ

ಕಣ್ಣಿಗೆ ಪೊರೆ ಬಂದವನಿಗೆ ಶಸ್ತ್ರವೈದ್ಯರು ದೃಷ್ಟಿಯನ್ನು ಮರಳಿ ಕೊಡಬಲ್ಲರು. ಆದರೆ ಕಣ್ಣಿನ ಒಳಭಿತ್ತಿಯಾದ ಅಕ್ಷಿಪಟಲವು ನಶಿಸಿದವನ ವಿಷಯದಲ್ಲಿ ವೈದ್ಯಶಾಸ್ತ್ರವು ಇಂದಿಗೂ ಬಹುಮಟ್ಟಿಗೆ ಕೈಕಟ್ಟಿ ನಿಂತಿದೆ. ಬೆಳಕನ್ನು ಗ್ರಹಿಸುವ ಅಲ್ಲಿನ ಜೀವಕೋಶಗಳು ಒಮ್ಮೆ ಸತ್ತರೆ ಮಾನವದೇಹದಲ್ಲಿ ತಾವಾಗಿ ಮರಳಿ ಹುಟ್ಟಲಾರವು. ಇರುಳುಗಣ್ಣಿನಿಂದ ಮೊದಲಾಗಿ ಪ್ರಾಯದವರನ್ನು ಕುರುಡಾಗಿಸುವ ವಂಶಪಾರಂಪರ್ಯದ ಬೇನೆಯೂ, ವೃದ್ಧರ ನಡುನೋಟವನ್ನು ಅಳಿಸುವ ಬೇನೆಯೂ ಈ ಬಗೆಯವು.

ನಶಿಸಿದ ಕೋಶಗಳ ಸ್ಥಾನದಲ್ಲಿ ಪ್ರಯೋಗಶಾಲೆಯಲ್ಲಿ ಬೆಳೆಸಿದ ಹೊಸ ಕೋಶಗಳನ್ನು ನೆಡುವುದು ಪುನರುಜ್ಜೀವನ ಚಿಕಿತ್ಸೆಯ ಗುರಿ. 2014ರಲ್ಲಿ ಜಪಾನಿನ ಕೋಬೆ ನಗರದಲ್ಲಿ ಡಾಕ್ಟರ್ ಮಸಾಯೊ ತಾಕಾಹಾಶಿಯವರ ತಂಡವು ವೃದ್ಧೆಯೊಬ್ಬರ ಚರ್ಮದ ಕೋಶಗಳನ್ನೇ ಮಾರ್ಪಡಿಸಿ, ಅಕ್ಷಿಪಟಲದ ಪೋಷಕಪದರವನ್ನು ಬೆಳೆಸಿ, ಅವರ ಕಣ್ಣಿನಲ್ಲಿ ನೆಟ್ಟಿತು. ವರ್ಷ ಕಳೆದ ಮೇಲೆ ದೃಷ್ಟಿಯು ಹೆಚ್ಚಲಿಲ್ಲ, ಕುಗ್ಗಲೂ ಇಲ್ಲ. ಎರಡನೆಯ ರೋಗಿಗಾಗಿ ಸಿದ್ಧಪಡಿಸಿದ ಕೋಶಗಳಲ್ಲಿ ವಂಶವಾಹಿಗಳ ವ್ಯತ್ಯಾಸ ಕಂಡುಬಂದುದರಿಂದ ತಂಡವು ಕೈತಡೆಯಿತು. 2017ರಲ್ಲಿ ದಾನಿಯ ಕೋಶಗಳಿಂದ ಕೆಲಸವನ್ನು ಮುಂದುವರಿಸಿತು. ಸತ್ಯಾನ್ವೇಷಣೆಯ ನಡಿಗೆ ಹೀಗೆ ಮಂದವಾದುದು. ಲಾಭವನ್ನೇ ನೆಚ್ಚಿದ ಬಂಡವಾಳವು ಇಷ್ಟು ಕಾಲ ಕಾಯಲೊಲ್ಲದು. ಕಾಯಬೇಕಾದುದು ಪ್ರಜೆಗಳ ಬೊಕ್ಕಸವೇ. ಅಮೆರಿಕೆಯ ಕ್ಯಾಲಿಫೋರ್ನಿಯದ ಮತದಾರರು ಆಕರಕೋಶಗಳ ಸಂಶೋಧನೆಗಾಗಿ 2004ರಲ್ಲಿ 300 ಕೋಟಿ, 2020ರಲ್ಲಿ 550 ಕೋಟಿ ಡಾಲರುಗಳ ಸಾರ್ವಜನಿಕ ಸಾಲಕ್ಕೆ ಸಮ್ಮತಿಯಿತ್ತರು. ಆ ಹಣದಲ್ಲೊಂದು ಪಾಲು ಅಕ್ಷಿಪಟಲದ ಕಾರ್ಯಕ್ಕೂ ಸಂದಿದೆ.

ನಮ್ಮಲ್ಲಿಯಾದರೋ, 2020-21ರಲ್ಲಿ ಎಲ್ಲ ಬಗೆಯ ಸಂಶೋಧನೆಗೂ ಸೇರಿ ವ್ಯಯವಾದುದು ರಾಷ್ಟ್ರೋತ್ಪನ್ನದ ಶೇಕಡಾ 0.64 ಮಾತ್ರ. 2023ರ ಕಾಯಿದೆಯಿಂದ ಏರ್ಪಟ್ಟ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳೆಂದು ಎಣಿಸಿದರೂ, ಅದರ ಬಹುಪಾಲು ಸರ್ಕಾರೇತರ ಮೂಲಗಳಿಂದ ಬರಬೇಕೆಂಬುದು ಅಧಿಕಾರಿಗಳ ಅಂದಾಜು. ವಿದ್ವಾಂಸರಿಗೇನೂ ಕೊರತೆಯಿಲ್ಲ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಆಕರಕೋಶ ಸಂಶೋಧನಾಲಯವಿದೆ. ಅದೇ ನಗರದ ಐಸ್ಟೆಮ್ ಸಂಸ್ಥೆಯು ಬೆಳೆಸಿದ ಅಕ್ಷಿಪಟಲಕೋಶಗಳು ಮನುಷ್ಯರ ಮೇಲಿನ ಪರೀಕ್ಷೆಯ ಹಂತವನ್ನು ಮುಟ್ಟಿವೆ.

ಪೊರೆಯಿಂದ ಕುರುಡಾದ ಬಡವರೇ ಅಸಂಖ್ಯರಿರುವಾಗ ಈ ದುಬಾರಿ ಶಾಸ್ತ್ರವೇಕೆಂದು ಕೆಲವರು ಕೇಳಬಹುದು. ಪೊರೆಗೆ ಮದ್ದು ಗೊತ್ತಿದೆ. ಅಲ್ಲಿ ಬೇಕಾದುದು ಆಸ್ಪತ್ರೆ. ಇಲ್ಲಿ ಮದ್ದನ್ನೇ ಹುಡುಕಬೇಕಾಗಿದೆ. ಒಂದನ್ನು ಮಾಡಲು ಮತ್ತೊಂದನ್ನು ಬಿಡಬೇಕಾದುದಿಲ್ಲ.

ಸಂಶೋಧನೆಯು ಹಿಂದುಳಿದರೆ ರೋಗಿಯು ಸುಮ್ಮನೆ ಕೂರುವವನಲ್ಲ. ವಂಚಕನ ಬಾಗಿಲಿಗೆ ಹೋಗುವನು. ಅಮೆರಿಕೆಯ ಫ್ಲಾರಿಡಾದಲ್ಲಿ ಹಣ ತೆತ್ತು, ತಮ್ಮ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ವೃದ್ಧೆಯರು ಉಳಿದ ದೃಷ್ಟಿಯನ್ನೂ ಕಳೆದುಕೊಂಡ ಸಂಗತಿಯನ್ನು 2017ರಲ್ಲಿ ವೈದ್ಯಪತ್ರಿಕೆಯು ಪ್ರಕಟಿಸಿತು. ಅದೇ ವರ್ಷ ನಮ್ಮ ವೈದ್ಯಕೀಯ ಸಂಶೋಧನಾ ಮಂಡಲಿಯು, ರಕ್ತರೋಗಾದಿಗಳ ಅಂಗೀಕೃತ ಚಿಕಿತ್ಸೆಯ ಹೊರತು ಆಕರಕೋಶಗಳನ್ನು ಅನುಮತಿಯುಳ್ಳ ಪರೀಕ್ಷೆಗಳಲ್ಲಿ ಮಾತ್ರ ಬಳಸಬೇಕೆಂದು ನಿಯಮಿಸಿತು. ನಿಯಮ ಒಳ್ಳೆಯದೇ. ಆದರೆ ಪರೀಕ್ಷೆಗಳೇ ವಿರಳವಾದರೆ ನಿಯಮವು ಯಾರನ್ನು ಕಾಪಾಡೀತು?

ಆದುದರಿಂದ ಸರ್ಕಾರದವರು ಹತ್ತು ವರ್ಷಗಳಿಗೆ ಕಡಿತವಿಲ್ಲದ ನಿಧಿಯೊಂದನ್ನು ಇದಕ್ಕಾಗಿ ಮೀಸಲಿಡಲಿ. ಸೋಲುಗೆಲವುಗಳೆರಡನ್ನೂ ಪ್ರಕಟಿಸಬೇಕೆಂದು ವಿಧಿಸಲಿ. ಪ್ರಜೆಗಳ ಹಣದಿಂದ ಹುಟ್ಟಿದ ಚಿಕಿತ್ಸೆಯು ಪ್ರಜೆಗಳಿಗೆ ಎಟುಕುವ ಬೆಲೆಗೆ ದೊರೆಯಬೇಕೆಂಬ ಕರಾರನ್ನು ಮೊದಲೇ ಬರೆಯಿಸಿಕೊಳ್ಳಲಿ. ಕುರುಡನ ಕೈಹಿಡಿದು ನಡೆಸುವುದು ಧರ್ಮವೆಂದು ನಾವು ಬಲ್ಲೆವು. ಅವನಿಗೆ ಕಣ್ಣು ಬರುವ ದಾರಿಯನ್ನು ಹುಡುಕಿಸುವುದೂ ಧರ್ಮವೇ.