ರಿಪೋರ್ಟ್ ನಾರ್ಮಲ್ ಬಂದರೂ ಖಿನ್ನತೆ ಸುಳ್ಳಲ್ಲ



ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು. ಎದುರಿಗೇ ನಿಂತಿದ್ದ ಅಕ್ಕ ಕೈ ಚಾಚಿ ಉರಿ ಆರಿಸಲಿಲ್ಲ. ಬೈದೆವು. ತಿಂಗಳುಗಟ್ಟಲೆ ಅವಳಿಗೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ತಲೆ ಬಾಚಿಕೊಳ್ಳುವುದೂ ಭಾರ. ಕೊನೆಗೆ ಎಂಆರ್‌ಐ ಮಾಡಿಸಿದೆವು. ರಿಪೋರ್ಟ್ ನಾರ್ಮಲ್ ಬಂತು. "ನೋಡು, ನಿನಗೇನೂ ಆಗಿಲ್ಲ, ಮನಸ್ಸು ಗಟ್ಟಿ ಮಾಡ್ಕೋ" ಎಂದೆವು. ಆ ಮಾತು ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ. ನಿಮ್ಮ ಮನೆಯಲ್ಲಿ ಅದೇ ತಪ್ಪು ಆಗದಿರಲೆಂದೇ ಈ ಕರಪತ್ರ.

ಎಂಆರ್‌ಐಗೆ ಕಾಣದ್ದು ಏನು?

ಮಾಮೂಲಿ ಎಂಆರ್‌ಐ ಮೆದುಳಿನ ಗಡ್ಡೆ, ರಕ್ತಸ್ರಾವ, ಪೆಟ್ಟುಗಳನ್ನು ತೋರಿಸುತ್ತದೆ. ಮೆದುಳಿನ ಭಾಗಗಳು ಒಂದಕ್ಕೊಂದು ಹೇಗೆ ಹೊಂದಿಕೊಂಡು ದುಡಿಯುತ್ತಿವೆ ಎಂಬುದು ಅದರಲ್ಲಿ ಕಾಣದು. ಅದನ್ನು ತಿಳಿಯಲು ಸಂಶೋಧಕರು ಎಫ್‌ಎಂಆರ್‌ಐ ಎಂಬ ಬೇರೆ ಬಗೆಯ ಸ್ಕ್ಯಾನ್ ಬಳಸುತ್ತಾರೆ. ನಾವು ಸುಮ್ಮನೆ ಮಲಗಿ ನಮ್ಮ ಬಗ್ಗೆ, ಕಳೆದುಹೋದದ್ದರ ಬಗ್ಗೆ ಯೋಚಿಸುವಾಗ ಚುರುಕಾಗುವ ಒಂದು ಜಾಲವಿದೆ. ಯಾವುದಕ್ಕೆ ಗಮನ ಕೊಡಬೇಕೆಂದು ತೂಗುವ ಜಾಲ ಇನ್ನೊಂದು. ಖಿನ್ನತೆಯಿರುವ ಹೆಚ್ಚಿನವರಲ್ಲಿ ಈ ಎರಡನೆಯ ಜಾಲ ಮೆದುಳಿನ ಹೊರಪದರದಲ್ಲಿ ಸುಮಾರು ಎರಡು ಪಟ್ಟು ಹರಡಿರುವುದನ್ನು 2024ರಲ್ಲಿ 'ನೇಚರ್' ಪತ್ರಿಕೆಯ ಅಧ್ಯಯನವೊಂದು ತೋರಿಸಿತು. ಇದನ್ನು ಸೋಮಾರಿತನ ಎನ್ನಬಹುದೇ?

ಹಾಗಾದರೆ ಎಫ್‌ಎಂಆರ್‌ಐ ಮಾಡಿಸೋಣವೇ?

ಬೇಡ. ಅಧ್ಯಯನಗಳೇ ಇನ್ನೂ ಒಂದು ಮಾತಿಗೆ ಬಂದಿಲ್ಲ. ಮೊದಲನೆಯ ಜಾಲದೊಳಗಿನ ಬೆಸುಗೆ ಖಿನ್ನತೆಯಲ್ಲಿ ಬಿಗಿಯಾಗುತ್ತದೆ ಎಂದಿತು 2015ರ ವಿಶ್ಲೇಷಣೆ. ಚೀನಾದ 1300 ರೋಗಿಗಳನ್ನು ಒಳಗೊಂಡ 2019ರ ಅಧ್ಯಯನ, ಕಾಯಿಲೆ ಮರುಕಳಿಸಿದವರಲ್ಲಿ ಅದು ಸಡಿಲವಾಗಿದೆ ಎಂದಿತು. ಒಬ್ಬರಿಗೆ ಖಿನ್ನತೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವ ಸ್ಕ್ಯಾನ್ ಇನ್ನೂ ಬಂದಿಲ್ಲ. ಬೇರೆ ಕಾಯಿಲೆಯ ಅನುಮಾನದಿಂದ ವೈದ್ಯರೇ ಬರೆದುಕೊಟ್ಟರೆ ಮಾಡಿಸಿ. ಖಿನ್ನತೆಗೆ ಸಾಕ್ಷಿ ಬೇಕೆಂದು ಸಾಲ ಮಾಡಬೇಡಿ.

ಅಕ್ಕನ ಕಾಯಿಲೆಯನ್ನು ಗುರುತಿಸಿದ್ದು, ಎದುರಿಗೆ ಕೂತು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡ ವೈದ್ಯೆ.

ನಮ್ಮ ಕೋರಿಕೆ

● ಬೇಸರ, ನಿರಾಸಕ್ತಿ ಎರಡು ವಾರವಾದರೂ ಬಿಡದಿದ್ದರೆ ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ.

● ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

● ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸಕ್ಕರೆ ಕಾಯಿಲೆಯವರಿಗೆ "ಮನಸ್ಸು ಗಟ್ಟಿ ಮಾಡ್ಕೋ" ಎನ್ನುವುದಿಲ್ಲ, ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಖಿನ್ನತೆಯಿರುವವರನ್ನೂ ಕರೆದೊಯ್ಯಿರಿ.

– ಖಿನ್ನತೆಯಿಂದ ಚೇತರಿಸಿಕೊಂಡವರು ಮತ್ತು ಅವರ ಮನೆಯವರು

(ಓದಿ, ಪಕ್ಕದ ಮನೆಗೂ ಕೊಡಿ)